ಭೂಮಿಯ ತಾಪ, ಅಪ್ಪನ ಮಾನ

ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು ಇದ್ದಕ್ಕಿದ್ದಂತೆ ನಿಂತಾಗ, ಕೊಳ್ಳೇಗಾಲದ ಯಾವ ಗೃಹಸ್ಥನೂ ಅಂದುಕೊಳ್ಳುವಂತೆ ನಾನೂ ಕರೆಂಟು ಹೋಯಿತೆಂದುಕೊಂಡೆ. ಕಣ್ಣು ತೆರೆದರೆ ಸ್ವಿಚ್ಚಿನ ಪಕ್ಕದಲ್ಲಿ ಒಂಬತ್ತನೇ ತರಗತಿಯ ನನ್ನ ಮಗಳು ಗೌರಿ ನಿಂತಿದ್ದಳು. ಭಾನುವಾರದ ಮಧ್ಯಾಹ್ನದ ನಿದ್ರೆಯೊಂದೇ ಕಾಲೇಜಿನ ಕನ್ನಡ ಮೇಷ್ಟರಿಗೆ ಸಲ್ಲುವ ರಾಜಮರ್ಯಾದೆಯೆಂದು ನಂಬಿದ್ದ ನಾನು ಕಾರಣ ಕೇಳಿದೆ.

"ಭೂಮಿ ಬಿಸಿಯಾಗ್ತಾ ಇದೆ, ಅಪ್ಪ" ಎಂದಳು.

ಹೊಸ ಶತಮಾನ ಆಗತಾನೇ ಕಣ್ಣುಬಿಟ್ಟ ವರ್ಷಗಳವು. ಮಳೆ ಸತತವಾಗಿ ಕೈಕೊಟ್ಟಿತ್ತು. ಶಾಲೆಯಲ್ಲಿ ವಿಜ್ಞಾನದ ಮೇಡಮ್ಮು ಹೊಗೆ, ತಾಪ, ಋತುಗಳ ಏರುಪೇರು ಎಂದೆಲ್ಲ ಪಾಠ ಮಾಡಿದ್ದರು. ನಮ್ಮ ಹುಡುಗಿ ಪಾಠಕ್ಕೂ ಆಕಾಶಕ್ಕೂ ಗಂಟು ಹಾಕಿಕೊಂಡಿದ್ದಳು. ನನ್ನ ಸ್ಕೂಟರಿನ ಹಿಂದೆ ಕೂರುವುದನ್ನು ಬಿಟ್ಟು ನಡೆದೇ ಶಾಲೆಗೆ ಹೋಗತೊಡಗಿದಳು. ಹಾಗೆ ಹೋಗುವ ಅವಳನ್ನು ಸ್ಕೂಟರಿನಲ್ಲಿ ದಾಟಿಹೋಗುವಾಗ ಭೂಮಿಯ ತಾಪ ಎಷ್ಟು ಏರುತ್ತಿತ್ತೋ ತಿಳಿಯದು, ನನ್ನ ಮಾನವಂತೂ ಇಳಿಯುತ್ತಿತ್ತು.

ನಾನು ಇದನ್ನೊಂದು ತಮಾಷೆಯೆಂದೇ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದೆ. ಗೌರಿಯ ತಟ್ಟೆಯಲ್ಲಿ ಅರ್ಧ ಊಟ ಹಾಗೇ ಉಳಿಯುತ್ತಿದ್ದುದನ್ನು ಕಂಡವಳು ನನ್ನ ಹೆಂಡತಿ ಸರ್ವಮಂಗಳ. ಒಂದು ದಿನ ಯಳಂದೂರಿನಿಂದ ಬಂದ ನೆಂಟರೊಬ್ಬರು ಎಲ್ಲ ನೆಂಟರಂತೆಯೇ, "ಮುಂದೆ ಏನಾಗ್ತೀಯವ್ವ?" ಎಂದು ಕೇಳಿದರು. "ಮುಂದೆ ಅನ್ನೋದಿದ್ರೆ ನೋಡೋಣ" ಎಂದು ಗೌರಿ ಒಳಗೆ ಹೋಗಿಬಿಟ್ಟಳು. ನೆಂಟರು ನಕ್ಕರು. ನನಗೆ ಮೊದಲ ಬಾರಿಗೆ ನಗು ಬರಲಿಲ್ಲ.

ಆ ಸಂಜೆ ನನಗೆ ಗೊತ್ತಿದ್ದ ಒಂದೇ ಔಷಧವನ್ನು, ಅಂದರೆ ಭಾಷಣವನ್ನು, ಪ್ರಯೋಗಿಸಿದೆ. ಯುಗಗಳು ಉರುಳಿದ್ದನ್ನೂ ಮನುಕುಲ ಎಲ್ಲ ಸಂಕಟಗಳನ್ನು ದಾಟಿ ಬಂದದ್ದನ್ನೂ ರಾಜ್ಯೋತ್ಸವದ ವೇದಿಕೆಗೆ ಒಪ್ಪುವ ಧಾಟಿಯಲ್ಲಿ ವರ್ಣಿಸಿದೆ. ಕೊನೆಯವರೆಗೂ ಕೇಳಿಸಿಕೊಂಡು ಅವಳು, "ನಿಂಗೆ ಭಯ ಆಗಲ್ವಾ ಅಪ್ಪ?" ಎಂದಳು.

"ಛೇ, ನನಗ್ಯಾತರ ಭಯ!"

ಆಮೇಲೆ ಅವಳು ಆ ವಿಷಯವನ್ನು ನನ್ನೆದುರು ಎತ್ತಲೇ ಇಲ್ಲ. ಗೆದ್ದೆನೆಂದು ನಾನು ಬೀಗುತ್ತಿರುವಾಗ ಸರ್ವಮಂಗಳ, "ಮಗೀನ ಒಂಟಿ ಮಾಡ್ಬುಟ್ರಲ್ಲ" ಎಂದಳು. ಅಷ್ಟೇ. ನನ್ನ ಇಡೀ ಭಾಷಣಕ್ಕಿಂತ ಆ ಒಂದು ಮಾತಿಗೆ ತೂಕವಿತ್ತು.

ದಸರಾ ರಜೆಗೆ ನಾವು ಮೂವರೂ ರಾಮಾಪುರದ ನನ್ನ ಅಕ್ಕನ ಮನೆಗೆ ಹೋದೆವು. ಹನೂರು ದಾಟಿದ ಮೇಲೆ ಗೌರಿ ಬಸ್ಸಿನ ಕಿಟಕಿಯಾಚೆ ಒಣಗಿದ ಹೊಲಗಳನ್ನೇ ನೋಡುತ್ತಿದ್ದಳು. ಮಾರನೆಯ ಬೆಳಿಗ್ಗೆ ಅಕ್ಕ ಜಗಲಿಯ ಮೇಲೆ ಹುರುಳಿ ಆರಿಸುತ್ತಿದ್ದಳು. ನನ್ನನ್ನು ಕೇಳಿದ್ದ ಪ್ರಶ್ನೆಯನ್ನೇ ಗೌರಿ ಅವಳನ್ನೂ ಕೇಳಿದಳು.

"ನಿಮಗೆ ಭಯ ಆಗಲ್ವಾ ಅತ್ತೆ, ಮಳೆ ಇಂಗೇ ಕೈಕೊಟ್ರೆ?"

"ಆಗ್ದೆ ಏನವ್ವ? ಮೋಡ ಕಟ್ಕಂಡು ಬಂದು ಅಂಗೇ ಓಯ್ತಾವಲ್ಲ, ಎದೆ ಧಸಕ್ ಅಂತದೆ. ಆಗ ನಾನೂ ನಿಮ್ಮಾವನೂ ಕೂತ್ಕಂಡು ಚೆನ್ನಾಗಿ ಬಯ್ತೀವಿ."

"ಯಾರ್ನ?"

"ಮೋಡನ!"

ಎಷ್ಟೋ ವಾರಗಳ ಮೇಲೆ ಹುಡುಗಿ ನಕ್ಕಳು. ಆ ನಗು ನನ್ನೊಳಗಿನ ಯಾವುದೋ ಬಿಗಿಯನ್ನು ಸಡಿಲಿಸಿತೆಂದು ಕಾಣುತ್ತದೆ. ಕಂಬಕ್ಕೆ ಒರಗಿ ಕೂತಿದ್ದ ನಾನು, ಯಾರೂ ಕೇಳದೆಯೇ, "ನನಗೂ ಭಯ ಆಗುತ್ತೆ ಕಣವ್ವ. ನೀನು ನನ್ನ ವಯಸ್ಸಿಗೆ ಬರೋ ಹೊತ್ತಿಗೆ ಈ ಸೀಮೆ ಹೇಗಿರುತ್ತೋ ನನಗೆ ಗೊತ್ತಿಲ್ಲ" ಎಂದೆ. ಉಪಮೆಯಿಲ್ಲ, ಅಲಂಕಾರವಿಲ್ಲ. ಗೌರಿ ಬಂದು ನನ್ನ ಹೆಗಲಿಗೆ ಮುಖವಿಟ್ಟು ಅತ್ತಳು. "ಅಳಬೇಡ" ಎನ್ನಲು ಬಾಯಿ ತೆರೆದವನನ್ನು ಸರ್ವಮಂಗಳ ಕಣ್ಣಲ್ಲೇ ತಡೆದಳು. ಅತ್ತು ಮುಗಿಸಿದ ಮಗಳು ಮುಖ ತೊಳೆದುಕೊಂಡು ಬಂದು, "ಅತ್ತೆ, ತಿನ್ನಕ್ಕೆ ಏನಿದೆ?" ಎಂದಳು.

ಭೂಮಿ ಅಷ್ಟಕ್ಕೇ ತಣ್ಣಗಾಗಲಿಲ್ಲ. ಗೌರಿಯ ಭಯವೂ ಪೂರ್ತಿ ಹೋಗಲಿಲ್ಲ. ಆದರೆ ಅದು ಮನೆಯಲ್ಲಿ ಬಾಯಿಬಿಟ್ಟು ಮಾತಾಡಬಹುದಾದ ವಿಷಯವಾಯಿತು. ರಜೆ ಮುಗಿದ ಮೇಲೆ ಅವಳು ಮೇಡಮ್ಮಿನ ಹತ್ತಿರ ಹೇಳಿಕೊಂಡಾಗ ತರಗತಿಯ ಎಷ್ಟೋ ಮಕ್ಕಳು "ನನಗೂ" ಎಂದರಂತೆ. ಆ ತಾಯಿ ಶನಿವಾರದ ಕೊನೆಯ ಪೀರಿಯಡ್ಡನ್ನು ಮಾತಿಗೆಂದೇ ಬಿಟ್ಟುಕೊಟ್ಟರು. ಮಕ್ಕಳು ಕಾಂಪೌಂಡಿನ ಉದ್ದಕ್ಕೂ ಹೊಂಗೆ ಸಸಿ ನೆಟ್ಟು, ಬುತ್ತಿಯುಂಡು ಕೈತೊಳೆದ ನೀರನ್ನು ಅವಕ್ಕೆ ಹೊಯ್ದರು. ಕೆಲವು ಬದುಕಿದವು.

ಒಂದು ಶನಿವಾರ ಪೋಷಕರನ್ನೂ ಕರೆದರು. ನಾನು ಎದ್ದು ನಿಂತಾಗ, ನನ್ನ ಖ್ಯಾತಿ ಬಲ್ಲ ಇಬ್ಬರು ಮೂವರು ದೀರ್ಘ ಭಾಷಣಕ್ಕೆ ಸಿದ್ಧರಾಗಿ ಗೋಡೆಗೆ ಒರಗಿದರು. ರಾಮಾಪುರದ ಜಗಲಿಯಲ್ಲಿ ಹೇಳಿದ್ದಷ್ಟನ್ನೇ ಹೇಳಿ ಕೂತೆ. ಹಿಂದಿನ ಬೆಂಚಿನಿಂದ ಶಾಗ್ಯ ಹಳ್ಳಿಯ ರೈತರೊಬ್ಬರು, ಗೌರಿಯ ಗೆಳತಿಯ ತಂದೆ, ಟವೆಲನ್ನು ಹೆಗಲಿನಿಂದ ಕೈಗೆ ತೆಗೆದುಕೊಂಡು ಎದ್ದರು.

"ನಂಗೂ ಅಂಗೇಯ ಸಾ. ಮನೇಲಿ ಯಾರ್ಗೂ ಏಳಿರ್ಲಿಲ್ಲ."

ಮುಂದಿನ ಸಾಲಿನಲ್ಲಿದ್ದ ಅವರ ಮಗಳು ತಿರುಗಿ ನೋಡಿದಳು.

"ಅಪ್ಪಾ, ನೀನೂವಾ?"

"ಊಂ ಕಣವ್ವ" ಎಂದರು ಅವರು.