ಎಣಿಸಬಾರದ ಕುರಿಗಳು

ನಾನು ಯಾದಗಿರಿಯ ಹೈಸ್ಕೂಲಿಗೆ ಗಣಿತದ ಮಾಸ್ತರನಾಗಿ ಬಂದಾಗ ನಿಜಾಮರ ರಾಜ್ಯ ಹೋಗಿ ಎರಡು ಮೂರು ವರ್ಷವಾಗಿತ್ತು. ಹುಟ್ಟಿದ್ದು ಸುರಪುರಕ್ಕೆ ಅಂಟಿಕೊಂಡಿರುವ ರಂಗಂಪೇಟೆಯಲ್ಲಿ. ಯಾದಗಿರಿಗೆ ಬರುವ ಮುಂಚೆ ಶಹಾಪುರದಲ್ಲಿ ಒಂದು ವರ್ಷ ಪಾಠ ಹೇಳಿದ್ದೆ, ಅಲ್ಲಿಯೂ ಉರ್ದುವಿನಲ್ಲೇ. ಈಗ ಕನ್ನಡದಲ್ಲಿ ಕಲಿಸಿರಿ ಎಂದು ಹುಕುಂ ಬಂತು. ಮಗ್ಗಿಯಿಂದ ಹಿಡಿದು ಎಲ್ಲ ಲೆಕ್ಕವನ್ನೂ ಉರ್ದುವಿನಲ್ಲಿ ಕಲಿತವನು ನಾನು. 'ಸಮೀಕರಣ' ಎಂಬ ಶಬ್ದ ನನ್ನ ನಾಲಿಗೆಯ ಮೇಲೆ ಹೊರಳುವಷ್ಟರಲ್ಲಿ ಹುಡುಗರು ನಕ್ಕು ಮುಗಿಸಿರುತ್ತಿದ್ದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಕೈಯಲ್ಲಿದ್ದ ಸುಣ್ಣದ ಕಡ್ಡಿ ಎಷ್ಟೋ ಸಲ ಹಿಂದಿನ ಬೆಂಚಿನ ತನಕ ಹಾರಿ ಹೋಗಿದೆ.

ಮೆಟ್ರಿಕ್ ಪಾಸಾಗಿ ಕಲಬುರ್ಗಿಯ ಕಾಲೇಜಿಗೆ ಹೋಗಬೇಕೆನ್ನುವ ಐದಾರು ಮಂದಿಗೆ ಬೆಳಿಗ್ಗೆ ನನ್ನ ಬಾಡಿಗೆ ಮನೆಯ ಪಡಸಾಲೆಯಲ್ಲಿ ಪುಕ್ಕಟೆ ಪಾಠ ಇಟ್ಟಿದ್ದೆ. ಕೂಲಿ ಮಾಡುವವರ ಮಕ್ಕಳು, ಸಣ್ಣ ಹೊಲದವರ ಮಕ್ಕಳು. ಅವರ ಮನೆಗಳಲ್ಲಿ ಕಾಲೇಜನ್ನು ಕಣ್ಣಿಂದ ಕಂಡವರೂ ಇರಲಿಲ್ಲ. ಎಲ್ಲರಿಗೂ ಸೇರಿ ಧಾರವಾಡದ ಕಡೆಯಿಂದ ತರಿಸಿದ ಒಂದೇ ಕನ್ನಡ ಗಣಿತದ ಪುಸ್ತಕ. ಒಬ್ಬನು ಗಟ್ಟಿಯಾಗಿ ಓದಿದರೆ ಮಿಕ್ಕವರು ಪಾಟಿಯ ಮೇಲೆ ಲೆಕ್ಕ ಬಿಡಿಸುತ್ತಿದ್ದರು. ಅವರಿಗಿಂತ ಒಂದು ಪುಟ ಮಾತ್ರ ಮುಂದಿದ್ದೆ ನಾನು, ಆದರೂ ದೊಡ್ಡ ಪಂಡಿತನಂತೆ ಗದರುತ್ತಿದ್ದೆ.

ಅವರಲ್ಲಿ ಒಬ್ಬ ಮುದನಾಳದಿಂದ ನಡೆದು ಬರುತ್ತಿದ್ದ. ಕುರಿ ಸಾಕುವವರ ಮನೆಯವನು. ನಿಜಾಮರ ರಾಜ್ಯ ಮುಗಿಯುವ ಮುಂಚಿನ ಗಲಾಟೆಯ ಕಾಲದಲ್ಲಿ ಶಾಲೆ ಬಿಟ್ಟು ಮತ್ತೆ ಸೇರಿದ್ದರಿಂದ ಎಲ್ಲರಿಗಿಂತ ದೊಡ್ಡವನು, ಆಗಲೇ ಮೀಸೆ ಬಂದಿತ್ತು. ತಂದೆ ಇರಲಿಲ್ಲ. ಈ ಒಂದು ಸಲ ಪರೀಕ್ಷೆಗೆ ಕೂಡಲಿ, ನಪಾಸಾದರೆ ಕಂಬಳಿ ಹೊದ್ದು ಕುರಿ ಹಿಂದೆ ಹೋಗಲಿ ಎಂದು ಅವನ ಸೋದರಮಾವ ಖಡಾಖಂಡಿತವಾಗಿ ಹೇಳಿದ್ದ. ಬೇರೆ ಎಲ್ಲ ವಿಷಯಗಳಲ್ಲಿ ಅವನು ಹೇಗೋ ದಾಟುತ್ತಿದ್ದ. ಗಣಿತದಲ್ಲಿ ಮಾತ್ರ ಒಂದೊಂದು ಅಂಕವೂ ಬೇಕಾಗಿತ್ತು.

ಒಂದು ದಿನ ಅಭ್ಯಾಸದ ಪರೀಕ್ಷೆ ಕೊಟ್ಟೆ. ಅದರಲ್ಲಿ ಹೀಗೊಂದು ಲೆಕ್ಕ: ಒಬ್ಬನ ಕುರಿಗಳಲ್ಲಿ ಅರ್ಧದಷ್ಟು ಹೊಲದಲ್ಲಿ ಮೇಯುತ್ತಿವೆ, ಮೂರನೆಯ ಒಂದು ಪಾಲು ಹಳ್ಳದಲ್ಲಿ ನೀರು ಕುಡಿಯುತ್ತಿವೆ, ಉಳಿದ ಹತ್ತು ದೊಡ್ಡಿಯಲ್ಲಿವೆ, ಒಟ್ಟು ಎಷ್ಟು? ಅವನು ಒಂದು ಹೆಜ್ಜೆಯೂ ತಪ್ಪದೆ ಬಿಡಿಸಿದ್ದ. ಕುರಿಗಳ ಆರನೆಯ ಒಂದು ಪಾಲು ಹತ್ತಕ್ಕೆ ಸಮ ಎಂದು ಬರೆದು, ಅಲ್ಲಿಗೆ ನಿಲ್ಲಿಸಿ, ಕೆಳಗೆ ಗೆರೆ ಎಳೆದಿದ್ದ. ಉತ್ತರ ಇಲ್ಲ. ಮರೆತಿರಬೇಕು ಎಂದುಕೊಂಡೆ. ಮರುವಾರ ಕುರಿಯ ಮೇಲೆ ಇನ್ನೊಂದು ಲೆಕ್ಕ ಕೊಟ್ಟೆ. ಅದೇ ಗೆರೆ, ಅದೇ ಖಾಲಿ ಜಾಗ. ಅದೇ ಲೆಕ್ಕದಲ್ಲಿ ಕುರಿ ತೆಗೆದು ಮಾವಿನಹಣ್ಣು ಹಾಕಿ ಕೇಳಿದೆ. ಪಾಟಿಯನ್ನೂ ಮುಟ್ಟದೆ ಉತ್ತರ ಹೇಳಿಬಿಟ್ಟ.

ನನ್ನ ಪಿತ್ತ ನೆತ್ತಿಗೇರಿತು. "ಲೇ, ಕುರಿ ಏನು ನಿನಗ ಕಚ್ಚತಾವೇನು?"

"ಕುರಿ ಎಣಿಸಬಾರದ್ರಿ ಮಾಸ್ತರ್ರ" ಎಂದ, ನೆಲ ನೋಡುತ್ತ.

"ಎಣಿಸಲಿಲ್ಲಂದ್ರ ಒಂದು ಕಳದ್ರ ಹ್ಯಾಂಗ ಗೊತ್ತಾಗತದ?"

"ಒಂದೊಂದರ ಮಾರಿ ನೋಡಿದ್ರ ಗೊತ್ತಾಗತದ್ರಿ. ಯಾವುದು ಇಲ್ಲೋ ಅದು ಕಾಣೂದಿಲ್ಲ."

ಉಳಿದವರು ಕಿಸಕ್ಕನೆ ನಕ್ಕರು. ಇವು ಪುಸ್ತಕದ ಕುರಿ, ನಿನ್ನವಲ್ಲ ಎಂದು ಕೂಗಾಡಿದೆ. "ಯಾರವಾದ್ರೂ ಕುರಿ ಕುರೀನ ಅಲ್ಲೇನ್ರಿ" ಎಂದ. ಹಾಗಾದರೆ ಕುರಿ ಎಂದಿರುವಲ್ಲಿ ಮನಸ್ಸಿನಲ್ಲಿ ಮಾವಿನಹಣ್ಣು ಎಂದು ಓದಿಕೋ ಎಂದೆ. ಪ್ರಯತ್ನ ಮಾಡಿದ, ಪಾಪ. ಪುಸ್ತಕದ ಮುಂದೆ ಕಣ್ಣು ಮುಚ್ಚಿ ಕೂತು, "ಆಗವಲ್ದ್ರಿ, ಆ ಕುರೀನ ಬಂದು ನಿಂದರತಾವ" ಎಂದ. ಆ ಕಾಲದಲ್ಲಿ ಪ್ರಶ್ನೆಪತ್ರಿಕೆ ತೆಗೆಯುವವರಿಗೆ ಕುರಿ, ದನ, ನೀರಿನ ತೊಟ್ಟಿ ಬಿಟ್ಟರೆ ಬೇರೆ ಪ್ರಪಂಚವೇ ಇರಲಿಲ್ಲ. ಈ ಮೂಢನಂಬಿಕೆಗೆ ಹುಡುಗನ ಕಾಲೇಜು ಬಲಿಯಾಗುತ್ತದಲ್ಲ ಎನಿಸಿತು. ಅವನ ತಾಯಿಗೆ ನಾಲ್ಕು ಮಾತು ಹೇಳಿ ಬರಬೇಕೆಂದು ಭಾನುವಾರ ಮುದನಾಳಕ್ಕೆ ಹೊರಟೆ.

ದೊಡ್ಡಿ ಊರ ಹೊರಗಿತ್ತು, ಸುತ್ತ ಮುಳ್ಳಿನ ಬೇಲಿ. ಆಕೆ ಒಂದು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಗೊರಸಿನ ಮುಳ್ಳು ತೆಗೆಯುತ್ತಿದ್ದಳು. ಮಗ ಕಂಬಳಿ ಹಾಸಿದ. ಕೂತವನೇ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಭಾಷಣ ಶುರು ಮಾಡಿದೆ. ಆಕೆ ಪೂರ್ತಿ ಕೇಳಿದಳು. ಮುಳ್ಳು ತೆಗೆದು, ಮರಿಯನ್ನು ಇಳಿಸಿ, ಆಮೇಲೆ ಮಾತಾಡಿದಳು.

"ನಮ್ಮ ಹಿರಿಯಾರು ಎಣಿಸ್ತಿದ್ದಿಲ್ರಿ, ದೃಷ್ಟಿ ಆಗತದ ಅಂತ. ನನಗ ಅದರಾಗ ಅಷ್ಟೇನೂ ನಂಬಿಕಿ ಇದ್ದಿಲ್ಲ. ಆದ್ರ ಗಲಾಟಿ ವರ್ಷ ಬಂದೂಕಿನವರು ಬಂದು ಇದ ಬಾಗಲದಾಗ ನಿಂತು ಎಣಿಸಿಕೊಂಡು ಹೋದ್ರು. ಒಂದೊಂದ ದಾಟಿಸಿ, ಜೋರಾಗಿ. ಮರುದಿನ ಬಂದು ಸಿಕ್ಕಷ್ಟು ಕುರಿ ಹೊಡಕೊಂಡು ಹೋದ್ರು. ಇವರಪ್ಪ ಕುರಿ ಬೆನ್ನ ಹತ್ತಿ ಹೋದ. ಹೋದಾವ ಬರಲಿಲ್ಲ." ಮಗನ ಕಡೆ ನೋಡಿದಳು. "ಅವರು ಎಣಿಸಾಕತ್ತಿದ್ದಾಗ ಇವ ನನ್ನ ಬಾಜೂಕ ನಿಂತಿದ್ದ. ಎಲ್ಲಾ ಕೇಳ್ಯಾನ."

ಹುಡುಗನ ಮುಖ ನೋಡುವ ಧೈರ್ಯ ಆಗಲಿಲ್ಲ. "ಬಿಡ್ರಿ ಅವ್ವಾರ, ಆ ಲೆಕ್ಕ ಬಿಟ್ಟು ಉಳಿದದ್ದರಾಗ ಪಾಸ್ ಮಾಡಿಸತೀನಿ" ಎಂದು ಎದ್ದೆ. ಅದು ಆಗದ ಮಾತು ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

"ಕೂಡ್ರಿ ಮಾಸ್ತರ್ರ" ಎಂದಳು ಆಕೆ.

ಹೋಗಿ ದೊಡ್ಡಿಯ ಬಾಗಿಲ ಮುಳ್ಳು ಸರಿಸಿ, ಒಂದು ಕುರಿ ಮಾತ್ರ ಹಾಯುವಷ್ಟು ಸಂದು ಮಾಡಿ ನಿಂತಳು. ಮೊದಲ ಕುರಿಯ ಬೆನ್ನ ಮೇಲೆ ಕೈಯಿಟ್ಟು "ಒಂದು" ಎಂದಳು. ಮಗ "ಯವ್ವಾ, ಬ್ಯಾಡ" ಎಂದು ಓಡಿದ. ಆಕೆ ಅವನತ್ತ ತಿರುಗಲಿಲ್ಲ. "ಎರಡು" ಎಂದಳು. ದನಿ ಮೊದಲು ನಡುಗುತ್ತಿತ್ತು, ಬರುಬರುತ್ತ ಗಟ್ಟಿಯಾಯಿತು. ಇಪ್ಪತ್ತರ ಮುಂದೆ ಆಕೆಗೆ ಲೆಕ್ಕ ಬರುತ್ತಿರಲಿಲ್ಲ. ಇಪ್ಪತ್ತಾದಾಗಲೆಲ್ಲ ಒಂದು ಕಲ್ಲು ಹೆಕ್ಕಿ ಮಗನ ಕೈಯಲ್ಲಿ ಹಾಕಿ ಮತ್ತೆ ಒಂದರಿಂದ ಶುರು ಮಾಡುತ್ತಿದ್ದಳು. ಅವನು ಕೈ ಮುಂದೆ ಚಾಚಿಕೊಂಡೇ ನಿಂತಿದ್ದ. ಕೊನೆಯ ಮರಿ ಜಿಗಿದು ಹೋದಮೇಲೆ ದೊಡ್ಡಿ ಖಾಲಿಯಾಯಿತು.

"ನನಗ ಮುಂದಿಂದು ತಿಳಿಯೂದಿಲ್ಲ. ಎಷ್ಟಾದವು, ನೀ ಹೇಳು" ಎಂದಳು.

ಅವನು ಕೈಯಲ್ಲಿದ್ದ ಕಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಆಕೆ ಕಾದಳು. ನಾನು ಜೀವಮಾನದಲ್ಲಿ ಮೊದಲ ಸಲ ಒಬ್ಬ ವಿದ್ಯಾರ್ಥಿಯ ಉತ್ತರಕ್ಕೆ ಗದರದೆ ಕಾದೆ. ಆಮೇಲೆ ಅವನು ಹೇಳಿದ, ಮೆಲ್ಲಗೆ. "ಜೋರಾಗಿ ಹೇಳು" ಎಂದಳು. ಜೋರಾಗಿ ಹೇಳಿದ. ಆ ಸಂಖ್ಯೆಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವರ ಮನೆಯದು.

ಪರೀಕ್ಷೆ ಕಲಬುರ್ಗಿಯಲ್ಲಿ. ಗಣಿತದ ದಿನ ಸಂಜೆ ಅವನು ರೈಲಿಳಿಯುವುದನ್ನೇ ಕಾಯುತ್ತ ಯಾದಗಿರಿ ಸ್ಟೇಷನ್ನಿನಲ್ಲಿ ನಿಂತಿದ್ದೆ. ಪ್ರಶ್ನೆಪತ್ರಿಕೆಯನ್ನು ಅವನ ಕೈಯಿಂದ ಕಸಿದುಕೊಂಡೇ ಓದಿದೆ. ಮೊದಲಿಂದ ಕೊನೆಯ ತನಕ ಒಂದು ಕುರಿಯೂ ಇರಲಿಲ್ಲ! ತೊಟ್ಟಿಗೆ ನೀರು ತುಂಬುವ ನಲ್ಲಿಗಳಿದ್ದವು, ಗೋಡೆ ಕಟ್ಟುವ ಆಳುಗಳಿದ್ದರು. ನನಗೆ ಸಿಟ್ಟೂ ಬಂತು, ನಗುವೂ ಬಂತು. ಎಲ್ಲ ಲೆಕ್ಕಗಳಿಗೂ ಉತ್ತರ ಬರೆದಿದ್ದೇನೆ ಎಂದು ಅವನು ಹೇಳಿದ. ಬೇಸಿಗೆಯಲ್ಲಿ ಫಲಿತಾಂಶದ ಪತ್ರಿಕೆ ರೈಲಿನಲ್ಲಿ ಬಂದಾಗ ಅವನ ನಂಬರು ಅದರಲ್ಲಿತ್ತು. ಪ್ಲಾಟ್‌ಫಾರ್ಮಿನಲ್ಲಿ ಯಾರ್ಯಾರನ್ನು ಅಪ್ಪಿಕೊಂಡೆನೋ ನೆನಪಿಲ್ಲ, ಬಹಳ ಸಂತೋಷವಾಗಿತ್ತು.

ಅವತ್ತೇ ಮುದನಾಳಕ್ಕೆ ಹೋದೆ. ಮಗ ಪಾಸಾದ ಸುದ್ದಿ ಆಕೆಗೆ ಆಗಲೇ ಮುಟ್ಟಿತ್ತು. ಸೋದರಮಾವನೂ ಬಂದು, ಹುಡುಗ ಕಾಲೇಜಿಗೆ ಹೋಗಲಿ ಬಿಡು ಎಂದಿದ್ದನಂತೆ. ಪರೀಕ್ಷೆಯಲ್ಲಿ ಕುರಿಯ ಲೆಕ್ಕವೇ ಬಂದಿರಲಿಲ್ಲ, ನಿಮಗೆ ಸುಮ್ಮನೆ ಆ ಸಂಕಟ ಕೊಟ್ಟೆವು ಎಂದು ನಾನು ಹೇಳಿದೆ.

"ಸುಮ್ಮನ ಯಾಕ್ರಿ?" ಎಂದಳು ಆಕೆ. "ಎಣಿಸಿದ ಮ್ಯಾಲ ಎಷ್ಟೋ ರಾತ್ರಿ ನಾ ಬಾಗಲದಾಗ ಕೂತು ಹಾದಿ ನೋಡೀನಿ. ಯಾರೂ ಬರಲಿಲ್ಲ. ಆ ದಿನಮಾನ ಹೋದ್ವು ಅಂತ ಎಲ್ಲಾರೂ ಹೇಳತಿದ್ರು, ನಾ ನಂಬಿದ್ದಿಲ್ಲ. ಈಗ ನಂಬೀನಿ. ಕರಕೊಂಡು ಹೋಗ್ರಿ ಮಗನ್ನ, ಕಲಬುರ್ಗಿಗೆ ಹೋಗಲಿ. ಹೋದಾವ ಬರತಾನ."