ಬ್ರೇಕಮ್ಮನ ಅರವತ್ತು ಕಿಲೋ

ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಆಕೆಗೆ ತಂದೆತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಆಕೆ ಬ್ರೇಕಮ್ಮ.

ಹೆಸರು ಸುಮ್ಮನೆ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಮುದುಕರನ್ನು ಮಂಚದಿಂದ ಸ್ಟ್ರೆಚರಿಗೆ ದಾಟಿಸುತ್ತಿದ್ದಳು. ಸ್ಟ್ರೆಚರಿನ ಚಕ್ರದ ಬ್ರೇಕು ಸವೆದಿತ್ತು, ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಅರ್ಧ ದಾಟಿಸುವಷ್ಟರಲ್ಲಿ ಸ್ಟ್ರೆಚರು ಹಿಂದಕ್ಕೆ ಜಾರಿತು, ಮುದುಕರು ನಡುವೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. "ನಿನ್ನ ತಪ್ಪೇನಿದೆ ಬಿಡು ಮಗಳೇ" ಎಂದು ನೋವಿನಲ್ಲೂ ಅವರೇ ಸಮಾಧಾನ ಹೇಳಿದರು. ಬೈದಿದ್ದರೆ ಮರೆತುಹೋಗುತ್ತಿತ್ತೋ ಏನೋ. ಆ ಸಮಾಧಾನ ಮಾತ್ರ ಎದೆಯಲ್ಲಿ ಮುಳ್ಳಾಗಿ ಕೂತಿತು. ಅಂದಿನಿಂದ ರೋಗಿಯ ಮೈ ಮುಟ್ಟುವ ಮೊದಲು ಚಕ್ರಕ್ಕೆ ಕಾಲಿನಿಂದ ಒಂದು ಒದೆ ಕೊಟ್ಟು, ವಾರ್ಡೆಲ್ಲ ಕೇಳುವಂತೆ "ಬ್ರೇಕ್?" ಎಂದು ಕೂಗುವುದು ಆಕೆಯ ಪದ್ಧತಿಯಾಯಿತು. ಎದುರಿಗಿದ್ದವರು "ಹಾಕಿದೆ" ಅನ್ನುವ ತನಕ ಕೈ ಮುಂದೆ ಬರುತ್ತಿರಲಿಲ್ಲ.

ನಿವೃತ್ತಿಯಾದಾಗ ಆಕೆ ಮನೆಗೆ ತಂದದ್ದು ಒಂದು ಗೋಡೆ ಗಡಿಯಾರ, ಒಂದು ಸೊಂಟನೋವು. ಗಡಿಯಾರ ನಿಧಾನವಾಗಿ ಓಡುತ್ತಿತ್ತು. ವಾಚ್ ರಿಪೇರಿ ಮಾಡುವ ಗಂಡ ಒಂದೇ ವಾರದಲ್ಲಿ ಅದನ್ನು ದಾರಿಗೆ ತಂದರು. ಸೊಂಟ ಅವರ ಕೈಗೆ ಬಗ್ಗಲಿಲ್ಲ.

"ಮಲಗಿದಷ್ಟೂ ಹಿಡ್ಕೊಳ್ಳುತ್ತೆ ಅಮ್ಮ" ಎಂದರು ವ್ಯಾಯಾಮ ಚಿಕಿತ್ಸೆಯ ಡಾಕ್ಟರು. "ಇಷ್ಟು ವರ್ಷ ಮೈಯನ್ನ ದುಡಿಸಿದ್ದೀರಿ, ಬಲ ತುಂಬಿಲ್ಲ. ಭಾರ ಎತ್ತೋದು ಕಲೀರಿ. ಸರಿಯಾಗಿ ಕಲೀರಿ."

"ಇನ್ನೂ ಎತ್ತಬೇಕಾ!" ಎಂದು ಬ್ರೇಕಮ್ಮ ನಕ್ಕಳು. ಆದರೆ ಮರುವಾರವೇ, ಎರಡು ಬೀದಿ ಆಚೆ ಹಳೇ ಹತ್ತಿ ಗೋದಾಮಿನಲ್ಲಿ ನಡೆಯುತ್ತಿದ್ದ ಭಾರ ಎತ್ತುವ ಶಾಲೆಯ ಬಾಗಿಲಲ್ಲಿ ನಿಂತಿದ್ದಳು.

ಒಳಗೆ ಎತ್ತರದ ಕಿಟಕಿಗಳು, ಸಿಮೆಂಟು ನೆಲದ ಮೇಲೆ ರಬ್ಬರ್ ಹಾಸು, ಬೆವರು ಮತ್ತು ಸೀಮೆಸುಣ್ಣದ ಪುಡಿಯ ವಾಸನೆ. ಕೋಚು ನಲವತ್ತು ದಾಟಿದ ಮನುಷ್ಯ. ಹಿಂದೊಮ್ಮೆ ಪದಕ ಗೆದ್ದವನು, ಈಗ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುವವನು. ಆಕೆಯ ವಯಸ್ಸು ಕೇಳಿ ಅವನು ಹುಬ್ಬೇರಿಸಲಿಲ್ಲ. ಕೈಗೆ ಒಂದು ಬಿದಿರು ಕೋಲು ಕೊಟ್ಟು, ಅದನ್ನು ಭುಜದ ಮೇಲಿಟ್ಟು ಬಸ್ಕಿ ಹೊಡೆಯಲು ಹೇಳಿಕೊಟ್ಟ. ಒಂದು ತಿಂಗಳಲ್ಲಿ ಕೋಲು ಹೋಗಿ ಕಬ್ಬಿಣದ ರಾಡು ಬಂತು. ಆರು ತಿಂಗಳಲ್ಲಿ ರಾಡಿನ ಎರಡು ತುದಿಗೂ ಹತ್ತತ್ತು ಕಿಲೋದ ಪ್ಲೇಟು ಏರಿತು. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಗೋಡೆ ಹಿಡಿಯುವುದು ಯಾವಾಗ ನಿಂತುಹೋಯಿತು ಎಂಬುದು ಆಕೆಗೇ ನೆನಪಿಲ್ಲ.

ಒಂದು ಸಂಗತಿ ಮಾತ್ರ ಕಾಡುತ್ತಿತ್ತು. ಪ್ರತಿ ಸಲವೂ ಬಲಭುಜ ಕೆಳಗೆ ಎಳೆದಂತಾಗುತ್ತಿತ್ತು.

"ವಾಲ್ತಾ ಇದ್ದೀರಿ ಅಮ್ಮ, ನೆಟ್ಟಗೆ" ಅನ್ನುವನು ಕೋಚು.

"ನೆಟ್ಟಗೇ ಇದ್ದೀನಿ ಸರ್."

ಮೂರು ವಾರ ಆಕೆ ತನ್ನ ಮೈಯನ್ನೇ ಬೈದುಕೊಂಡಳು. ಆಮೇಲೆ ಒಂದು ಸಂಜೆ ಎರಡು ಪ್ಲೇಟುಗಳನ್ನೂ ಬಗಲಿಗೊಂದರಂತೆ ಹಿಡಿದು ರಸ್ತೆ ದಾಟಿ, ಎದುರಿನ ದಿನಸಿ ಅಂಗಡಿಯ ತಕ್ಕಡಿಯ ಮೇಲೆ ಇಟ್ಟಳು. ಅಂಗಡಿಯವನು ಕಣ್ಣು ಪಿಳಿಪಿಳಿ ಬಿಟ್ಟ. "ಇದೇನಮ್ಮ, ಇವತ್ತು ಬೇಳೆ ಬದಲು ಕಬ್ಬಿಣ ಬೇಯಿಸ್ತೀರಾ?"

ಹತ್ತು ಎಂದು ಬರೆದಿದ್ದ ಒಂದು ಪ್ಲೇಟು ಒಂಬತ್ತಕ್ಕೂ ಕಮ್ಮಿ ತೂಗಿತು. ಇನ್ನೊಂದು ಹನ್ನೊಂದು ದಾಟಿತು. ಗೋದಾಮಿಗೆ ವಾಪಸು ಬಂದು ಆಕೆ ಎರಡನ್ನೂ ಕೋಚಿನ ಕಾಲ ಬಳಿ ಇಳಿಸಿದಳು. "ವಾಲೋದು ನಾನಲ್ಲ ಸರ್, ನಿಮ್ಮ ಪ್ಲೇಟು."

ಕೋಚಿನ ಮುಖ ಕೆಂಪಾಯಿತು. ಆದರೆ ಒಳ್ಳೆಯ ಮನುಷ್ಯ. ಆ ರಾತ್ರಿಯೊಳಗೆ ಎಲ್ಲ ಪ್ಲೇಟುಗಳನ್ನೂ ತೂಗಿಸಿ, ಪ್ರತಿಯೊಂದರ ಬೆನ್ನಿಗೂ ನಿಜವಾದ ತೂಕವನ್ನು ಬಿಳಿ ಬಣ್ಣದಲ್ಲಿ ಬರೆದ.

ಅದಾಗಿ ಕೆಲವೇ ವಾರಕ್ಕೆ ಗೋದಾಮಿಗೆ ಹೊಸ ಸ್ಟ್ಯಾಂಡು ಬಂತು. ಎರಡು ಕಂಬ, ರಾಡು ಕೂರಲು ಎರಡು ಕೊಕ್ಕೆ, ಸೊಂಟದೆತ್ತರಕ್ಕೆ ಎರಡು ಪಕ್ಕದಲ್ಲೂ ಉದ್ದಕ್ಕೆ ಚಾಚಿದ ತಡೆಕಂಬಿ. ಬಸ್ಕಿಯಿಂದ ಮೇಲೇಳಲು ಆಗದೆಹೋದರೆ ಭಾರ ಆ ತಡೆಕಂಬಿಯ ಮೇಲೆ ಕೂರಬೇಕು, ಮನುಷ್ಯನ ಮೇಲಲ್ಲ. ಮಾಡಿದವನು ಕೋಚಿನ ಭಾವಮೈದ, ಗೇಟು ಗ್ರಿಲ್ಲು ಮಾಡುವ ವೆಲ್ಡರು. ಕೆಂಪು ಬಣ್ಣ ಹೊಡೆದು, ಮದುಮಗಳ ಹಾಗೆ ಸಿಂಗರಿಸಿ ತಂದು ನಿಲ್ಲಿಸಿದ್ದ. ಮೊದಲು ಎತ್ತುವ ಗೌರವ ಅಲ್ಲಿ ಕಲಿಯುವವರಲ್ಲೇ ಬಲಶಾಲಿಯಾದ ಒಬ್ಬ ಪೋಸ್ಟ್‌ಮ್ಯಾನ್‌ಗೆ. ಭಾರ ಎತ್ತುವ ಸ್ಪರ್ಧೆ ಹತ್ತಿರವಿತ್ತು, ರಾಡಿನ ಮೇಲೆ ನೂರರವತ್ತು ಕಿಲೋ ಏರಿಸಿ, ಅವನು ಅಂಗೈಗೆ ಸೀಮೆಸುಣ್ಣದ ಪುಡಿ ಸವರಿಕೊಂಡು ಮುಂದೆ ಬಂದ.

"ನಿಲ್ಲಪ್ಪಾ" ಎಂದಳು ಬ್ರೇಕಮ್ಮ.

ಎಲ್ಲರೂ ತಿರುಗಿ ನೋಡಿದರು. ಆಕೆ ತಡೆಕಂಬಿಯನ್ನು ಬೆರಳಿನಿಂದ ಟಕಟಕ ಬಡಿಯುತ್ತಿದ್ದಳು. ಒಳಗೆ ಟೊಳ್ಳು. "ಇದರ ಮೇಲೆ ಭಾರ ಹಾಕಿ ನೋಡಿದ್ದೀರಾ?"

ವೆಲ್ಡರಿಗೆ ಮೂಗಿನ ತುದಿಯಲ್ಲೇ ಸಿಟ್ಟು. "ಅಕ್ಕಾ, ಇಪ್ಪತ್ತು ವರ್ಷದಿಂದ ಗೇಟು ಮಾಡ್ತಾ ಇದ್ದೀನಿ. ಒಂದಾದ್ರೂ ಬಿದ್ದಿದೆಯಾ ಕೇಳಿ ನೋಡಿ."

"ನಿನ್ನ ಗೇಟಿನ ಕೆಳಗೆ ಯಾರೂ ಬಸ್ಕಿ ಹೊಡೆಯಲ್ಲವಲ್ಲಪ್ಪ."

ಯಾರೋ ಕಿಸಕ್ಕನೆ ನಕ್ಕರು. ಕೋಚು ಅತ್ತ ಭಾವಮೈದನ ಮುಖ, ಇತ್ತ ಬ್ರೇಕಮ್ಮನ ಮುಖ ನೋಡಿ ಇಕ್ಕಟ್ಟಿಗೆ ಸಿಕ್ಕಿದ. "ಹೋಗಲಿ ಬಿಡಿ ಅಮ್ಮ, ಪೋಸ್ಟ್‌ಮ್ಯಾನ್ ಎಂದೂ ಭಾರ ಬೀಳಿಸಿದವನಲ್ಲ" ಎಂದ.

"ಬೀಳಿಸದೆ ಇರೋದು ಅವನ ಸಾಮರ್ಥ್ಯ ಸರ್. ಬಿದ್ದಾಗ ಹಿಡಿಯೋದು ಇದರ ಕೆಲಸ. ಒಂದೇ ಒಂದು ಸಲ, ಯಾರೂ ಕೆಳಗಿಲ್ಲದೆ ಬಿಟ್ಟು ನೋಡೋಣ. ತಡೆದರೆ ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ."

ಪೋಸ್ಟ್‌ಮ್ಯಾನೇ ಒಪ್ಪಿದ. "ಅಮ್ಮ ಹೇಳಿದ್ದು ಸರಿ. ಐದು ನಿಮಿಷದ ಮಾತು."

ಆ ಕಡೆ ಇಬ್ಬರು, ಈ ಕಡೆ ಇಬ್ಬರು ರಾಡನ್ನು ಕೊಕ್ಕೆಯಿಂದ ಇಳಿಸಿ, ತಡೆಕಂಬಿಗಿಂತ ಒಂದು ಗೇಣು ಮೇಲೆ ಹಿಡಿದು, ಕೋಚು ಮೂರು ಎಣಿಸಿದಾಗ ಕೈಬಿಟ್ಟು ಹಿಂದಕ್ಕೆ ಹಾರಿದರು. ಧಡಾರ್ ಎಂಬ ಸದ್ದಿನ ಹಿಂದೆಯೇ ಲಟಕ್ ಎಂದಿತು. ಬಲಗಡೆಯ ತಡೆಕಂಬಿ ಬೆಸುಗೆ ಹಾಕಿದ ಕಡೆಯೇ ಕಿತ್ತುಬಂತು. ರಾಡು ಓರೆಯಾಗಿ ನೆಲಕ್ಕೆ ನುಗ್ಗಿತು, ಪ್ಲೇಟುಗಳು ಒಂದರ ಹಿಂದೆ ಒಂದು ಜಾರಿ, ಒಂದು ಉರುಳುತ್ತ ಹೋಗಿ ಗೋಡೆಯ ಗಾರೆ ಕೆಡವಿತು.

ಪೋಸ್ಟ್‌ಮ್ಯಾನ್ ಆ ಜಾಗವನ್ನೇ ನೋಡುತ್ತ ನಿಂತಿದ್ದವನು ಮೆಲ್ಲಗೆ ನೆಲದ ಮೇಲೆ ಕೂತ. ಎರಡು ಸಲ ಕತ್ತು ಸವರಿಕೊಂಡ. "ಮಗಳಿಗೆ ಇನ್ನೂ ನಾಲ್ಕು ವರ್ಷ" ಎಂದ, ಯಾರನ್ನೂ ನೋಡದೆ.

"ತಪ್ಪು ನನ್ನದು. ಸ್ಪರ್ಧೆ ಅಂತ ನಾನೇ ಭಾವಮೈದನನ್ನ ಆತುರಪಡಿಸಿದೆ" ಎಂದ ಕೋಚು. ವೆಲ್ಡರು ಅಷ್ಟರಲ್ಲಿ ಹೊರಟುಹೋಗಿದ್ದ. ಅವನ ಚರ್ಮದ ಕೈಗವಸು ಬೆಂಚಿನ ಮೇಲೆಯೇ ಉಳಿದಿತ್ತು. ಬ್ರೇಕಮ್ಮನಿಗೆ ಗೆದ್ದೆ ಅನ್ನಿಸಲಿಲ್ಲ. ಎಲ್ಲರೆದುರು ಒಬ್ಬ ಕೆಲಸಗಾರನ ಮುಖ ಮುರಿದೆನಲ್ಲ ಎಂದು ಮನೆ ಸೇರುವವರೆಗೂ ಕಸಿವಿಸಿ.

ಮೂರನೇ ದಿನ ಅವನೇ ಮನೆಗೆ ಬಂದ. ಗಂಡ ಕಿಟಕಿಯ ಬೆಳಕಿಗೆ ಮೇಜು ಎಳೆದುಕೊಂಡು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಕೈಗಡಿಯಾರ ಬಿಚ್ಚುತ್ತಿದ್ದರು. ವೆಲ್ಡರು ಚೀಲದಿಂದ ಮುರಿದ ಪೈಪಿನ ತುಂಡೊಂದನ್ನು ತೆಗೆದು ಬ್ರೇಕಮ್ಮನ ಮುಂದಿಟ್ಟ. ಅದನ್ನು ಗರಗಸದಿಂದ ಉದ್ದಕ್ಕೆ ಸೀಳಿದ್ದ.

"ನೋಡಿ ಅಕ್ಕಾ. ಮೇಲಿಂದ ನೋಡಿದ್ರೆ ಬೆಸುಗೆ ತುಂಬಿದ ಹಾಗೇ ಇತ್ತು. ಒಳಗೆ ಹಿಡಿದೇ ಇರಲಿಲ್ಲ. ಇದರ ಮೇಲೆ ಬಣ್ಣ ಬೇರೆ ಹೊಡೆದೆ." ಅವನು ಸೀಳಿದ ಅಂಚಿನ ಮೇಲೆ ಬೆರಳಾಡಿಸಿದ. "ಇನ್ಮೇಲೆ ಗ್ರಿಲ್ಲೇ ಸಾಕು ಅಂತ ತೀರ್ಮಾನ ಮಾಡಿದ್ದೆ. ಆದ್ರೆ ನಿದ್ದೆ ಹತ್ತಲ್ಲ."

ಗಂಡ ತಲೆ ಎತ್ತದೆಯೇ ಹೇಳಿದರು, "ನನ್ನ ಕೆಲಸ ಕೆಟ್ಟರೆ ಗಿರಾಕಿಗೆ ಬಸ್ಸು ತಪ್ಪುತ್ತೆ, ಅಷ್ಟೇ ತಮ್ಮ. ಆದ್ರೂ ಕೊಡೋ ಮುಂಚೆ ಎರಡು ದಿನ ನಾನೇ ಕಟ್ಕೊಂಡು ಓಡಾಡ್ತೀನಿ."

"ಕೈ ಒಳ್ಳೆಯದಿದೆ ನಿಂದು" ಎಂದಳು ಬ್ರೇಕಮ್ಮ. "ತಪ್ಪನ್ನ ಸೀಳಿ ನೋಡೋರು ಎಷ್ಟು ಜನ ಇದ್ದಾರೆ? ಒಳ್ಳೆ ಸ್ಟ್ಯಾಂಡು ಹೇಗಿರುತ್ತೆ ಅಂತ ಒಂದ್ಸಲ ನೋಡ್ಕೊಂಡು ಬರೋಣ ಬಾ."

ಕೋಚಿಗೆ ಗುರುತಿದ್ದ ಕ್ರೀಡಾ ಕಾಲೇಜಿಗೆ ಕೋಚು, ವೆಲ್ಡರು, ಬ್ರೇಕಮ್ಮ ಮೂವರೂ ಹೋದರು. ವೆಲ್ಡರು ಅಲ್ಲಿನ ಸ್ಟ್ಯಾಂಡಿನ ಕೆಳಗೆ ಅಂಗಾತ ಮಲಗಿ, ಟಾರ್ಚು ಬಿಟ್ಟು ಒಂದೊಂದು ಕೀಲನ್ನೂ ನೋಡಿದ. ಕಬ್ಬಿಣದ ದಪ್ಪ ಅಳೆದ. ತಡೆಕಂಬಿ ಟೊಳ್ಳು ಪೈಪಲ್ಲ, ಗಟ್ಟಿ ಸಲಾಕೆ. ಬೆಸುಗೆಯೊಂದನ್ನೇ ನಂಬದೆ, ಕಂಬದ ಈ ಕಡೆಯಿಂದ ಆ ಕಡೆಗೆ ತೂರಿದ ಬೋಲ್ಟು. ಬುಡ ನೆಲಕ್ಕೆ ಬಿಗಿದಿತ್ತು. ಬಟ್ಟೆಯ ಧೂಳು ಕೊಡವಿಕೊಂಡು ಎದ್ದಾಗ ಅವನ ಕಣ್ಣಲ್ಲಿ ಮೊದಲಿನ ಹುರುಪು ಬಂದಿತ್ತು. ಆಮೇಲೆ ಅಲ್ಲಿನ ರಾಡನ್ನು ಎತ್ತಿ, ಅದರ ತುದಿ ಸರಾಗವಾಗಿ ತಿರುಗುವುದನ್ನೂ, ಭಾರಕ್ಕೆ ಬಾಗಿ ಮತ್ತೆ ನೆಟ್ಟಗಾಗುವುದನ್ನೂ ನೋಡಿ ತಲೆಯಾಡಿಸಿದ.

"ಸ್ಟ್ಯಾಂಡು ನಾನು ಮಾಡಬಲ್ಲೆ. ಈ ರಾಡು ಮಾತ್ರ ನನ್ನ ಕೈಲಾಗೋದಲ್ಲ ಭಾವ. ಇದನ್ನ ಕೊಂಡೇ ತರಬೇಕು. ಅಗ್ಗದ್ದು ಬೇಡ."

ಆ ಮಾತು ಕೇಳಿ ಬ್ರೇಕಮ್ಮನಿಗೆ ಅವನ ಮೇಲೆ ಪೂರ್ತಿ ನಂಬಿಕೆ ಬಂತು.

ಎರಡು ತಿಂಗಳು ಗೋದಾಮಿನಲ್ಲಿ ಯಾರೂ ದೊಡ್ಡ ಭಾರ ಹೊರಲಿಲ್ಲ. ಪೋಸ್ಟ್‌ಮ್ಯಾನ್ ಆ ವರ್ಷದ ಸ್ಪರ್ಧೆಯನ್ನೇ ಬಿಟ್ಟ, ಗೊಣಗಲಿಲ್ಲ. ಹೊಸ ಸ್ಟ್ಯಾಂಡು ಈ ಸಲ ಬಣ್ಣವಿಲ್ಲದೆ, ಬರಿಮೈಯಲ್ಲಿ ಬಂತು. ಬೋಲ್ಟು ಬಿಗಿದದ್ದೇ ತಡ, ಯಾರೂ ಕೇಳದಿದ್ದರೂ ವೆಲ್ಡರೇ ಇನ್ನೂರು ಕಿಲೋ ಏರಿಸಿ ಬೀಳಿಸಿದ. ಮತ್ತೆ ಬೀಳಿಸಿದ. ಹನ್ನೆರಡನೇ ಸಲಕ್ಕೆ ಕೋಚು ಕೈಮುಗಿದ. "ಸಾಕೋ ಮಾರಾಯ, ಅಕ್ಕಪಕ್ಕದವರು ದೂರು ಕೊಡ್ತಾರೆ!"

ಇಷ್ಟರಲ್ಲಿ ಬ್ರೇಕಮ್ಮ ಐವತ್ತೈದು ಕಿಲೋ ಎತ್ತುವ ಮಟ್ಟಕ್ಕೆ ಬಂದಿದ್ದಳು. ಅರವತ್ತು ಆಕೆಯ ಮೈಯದೇ ತೂಕ. "ಇಷ್ಟು ವರ್ಷ ಬೇರೆಯವರನ್ನ ಎತ್ತಿದ್ದೀನಿ. ಒಂದ್ಸಲ ನನ್ನನ್ನೂ ಎತ್ತಿ ನೋಡಬೇಕು" ಎಂದು ಗಂಡನನ್ನೂ ಕರೆದುಕೊಂಡು ಹೋದಳು. ಚಿಮಟಕ್ಕಿಂತ ಭಾರವಾದದ್ದನ್ನು ಹಿಡಿಯದ ಆ ಮನುಷ್ಯ ಬೆಂಚಿನ ತುದಿಯಲ್ಲಿ ಮುದುಡಿ ಕೂತರು.

ರಾಡು ಭುಜಕ್ಕೆ ಬಂತು. ಆಕೆ ಉಸಿರು ಕಟ್ಟಿ ಕೆಳಗಿಳಿದಳು. ಮೇಲೇಳುವಾಗ ಅರ್ಧದಲ್ಲಿ ತೊಡೆ ನಡುಗಿತು, ರಾಡು ಅಲ್ಲೇ ನಿಂತುಹೋಯಿತು. ಆಮೇಲೆ ಕಲಿಸಿದ ಹಾಗೆಯೇ, ಅವಸರಪಡದೆ ಕೆಳಗೆ ಕೂತಳು. ಠಣ್ ಎಂದು ರಾಡು ತಡೆಕಂಬಿಯ ಮೇಲೆ ಕೂತಿತು. ಆಕೆ ಅದರ ಕೆಳಗಿಂದ ನುಸುಳಿ ಈಚೆ ಬಂದಳು.

ಗಂಡ ಬಿಳಿಚಿಕೊಂಡು ಎದ್ದು ನಿಂತಿದ್ದರು. "ಏನಾಯ್ತೇ? ಪೆಟ್ಟಾಯ್ತಾ?"

"ಏನೂ ಆಗಿಲ್ಲ ರೀ." ಆಕೆಗೆ ನಗು ತಡೆಯಲಾಗಲಿಲ್ಲ. "ನಿಜವಾಗಲೂ ಏನೂ ಆಗಿಲ್ಲ!"

ಗೋಡೆಗೊರಗಿ ನಿಂತಿದ್ದ ವೆಲ್ಡರು ಮುಖ ಆಚೆ ತಿರುಗಿಸಿ ತೋಳಿನಿಂದ ಕಣ್ಣು ಒರೆಸಿಕೊಂಡ.

ಆ ದಿನದಿಂದ ಆಕೆಯ ಬಸ್ಕಿಯೇ ಬದಲಾಯಿತು. ಬಿದ್ದರೆ ಏನಾದೀತು ಎಂದು ಮೈಯ ಒಂದು ಭಾಗ ಸದಾ ಹಿಂದೆ ಸರಿಯುತ್ತಿತ್ತಲ್ಲ, ಅದು ಈಗ ಕೆಲಸಕ್ಕೆ ಬಂತು. ಹದಿನೈದು ದಿನ ಕಳೆದು ಮತ್ತೆ ಅರವತ್ತು ಏರಿಸಿದಾಗ ಕೆಳಗಿಳಿದಳು, ಒಂದು ಗಳಿಗೆ ತಡೆದಳು, ನಿಧಾನವಾಗಿ, ಹಲ್ಲು ಕಚ್ಚಿ, ಪೂರ್ತಿ ನೆಟ್ಟಗೆ ನಿಂತಳು. ಪೋಸ್ಟ್‌ಮ್ಯಾನ್ ಹಾಕಿದ ಶಿಳ್ಳೆಗೆ ಎದುರು ಅಂಗಡಿಯವನೂ ಹೊರಗೆ ಬಂದು ಇಣುಕಿದ.

ವೆಲ್ಡರಿಗೆ ಈಗ ಬೇರೆ ಊರುಗಳಿಂದಲೂ ಸ್ಟ್ಯಾಂಡಿನ ಕೆಲಸ ಬರುತ್ತದೆ. ಸ್ವಲ್ಪ ತೆಳು ಪೈಪಿನಲ್ಲಿ ಮಾಡಿಕೊಡು ಎಂದು ಬಂದವರಿಗೆ ಅವನು ಆ ಸೀಳಿದ ತುಂಡು ತೋರಿಸಿ ಕಳಿಸುತ್ತಾನೆ. ಮುನಿಸಿಕೊಂಡು ಹೋದವರಲ್ಲಿ ಕೆಲವರು ವಾಪಸು ಬಂದದ್ದೂ ಉಂಟು.

ಬ್ರೇಕಮ್ಮನ ಹಳೆಯ ವಾರ್ಡಿನ ಆಯಾಗಳು ಮೊದಲು ಸುಮ್ಮನೆ ನೋಡಲು ಬಂದರು, ಆಮೇಲೆ ಸೇರಿಕೊಂಡರು. ಮಂಗಳವಾರ, ಶುಕ್ರವಾರ ಪಾಳಿ ಮುಗಿಸಿ ನೇರ ಗೋದಾಮಿಗೆ ಬರುತ್ತಾರೆ. ಈಗ ಹನ್ನೊಂದು ಜನ. ಕೋಚು ಅವರಿಗೆ ಬೇರೆಯೇ ಹೊತ್ತು ಬಿಟ್ಟುಕೊಟ್ಟಿದ್ದಾನೆ. ಮೊನ್ನೆ ಅವರಲ್ಲಿ ಒಬ್ಬಳು ಮೂವತ್ತು ಕಿಲೋದ ಭಾರ ಕೆಳಗಿಟ್ಟು, ಬೆವರು ಒರೆಸಿಕೊಳ್ಳುತ್ತ, "ಅಕ್ಕಾ, ನನ್ನ ಮಗನನ್ನ ಎತ್ಕೊಂಡು ಮೂರನೇ ಮಹಡಿ ಹತ್ತಿದೆ ಕಣ್ರೀ, ಸೊಂಟದ ನೆನಪೇ ಆಗಲಿಲ್ಲ" ಎಂದಳು.

"ಹಾಗಾದ್ರೆ ಮುಂದಿನ ವಾರ ಮೂವತ್ತೆರಡು" ಎಂದು ಬ್ರೇಕಮ್ಮ ಅವರೆಲ್ಲರ ಭಾರದ ಲೆಕ್ಕ ಇಡುವ ಪುಸ್ತಕದಲ್ಲಿ ಬರೆದುಕೊಂಡಳು.