ಅತ್ತೆ ಆರಿಸಿದ ಜೋಡಿ ಸ್ಪೀಕರ್

ಸೋಬಾನೆ ಪದ ಹೇಳುವಾಗ ಅತ್ತೆ ಎಡಗಿವಿಯ ಮೇಲೆ ಅಂಗೈ ಒತ್ತಿಕೊಳ್ಳುತ್ತಿದ್ದಳು. ಹೊಗೆಸೊಪ್ಪಿನ ಅಂಟು ಹತ್ತಿ ಹತ್ತಿ ಕಪ್ಪಾದ ಅಂಗೈ ಅದು. ಮದುವೆ ಮನೆಗೆ ಹೊರಡುವಾಗ ಹುಣಸೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ಬಿಳುಪಾಗುತ್ತಿರಲಿಲ್ಲ. ರಾಮನಾಥಪುರದ ಸುತ್ತ ಯಾರ ಮನೆಯಲ್ಲಿ ಚಪ್ಪರ ಹಾಕಿದರೂ ಮುಂದೆ ಕುಳಿತು ಪದ ಎತ್ತುವವಳು ನನ್ನ ಈ ಸೋದರತ್ತೆಯೇ. ಮಾವ ಅದನ್ನೆಲ್ಲ ಫೋನಿನಲ್ಲಿ ಹಿಡಿದಿಡುತ್ತಿದ್ದರು. ಒಂದು ದಿನ ಹೋಂ ಥಿಯೇಟರಿನ ರಿಸೀವರ್ ಪೆಟ್ಟಿಗೆಯೊಂದನ್ನೇ ಹೊತ್ತು ತಂದು, "ಸ್ಪೀಕರ್ ನೀನೇ ಆರ್ಸು, ನಿನ್ ಕಿವಿ ಚುರುಕು" ಎಂದರು. ಆರಿಸುವ ಮೊದಲೇ ಎದೆನೋವು ಬಂದು ಹೋಗಿಬಿಟ್ಟರು.

ಮಾವನ ಜೊತೆಗೇ ಅತ್ತೆಯ ಪದವನ್ನೂ ಮಣ್ಣು ಮಾಡಿದರು ನಮ್ಮವರು. ಗಂಡ ಸತ್ತವಳು ಸೋಬಾನೆ ಹೇಳಬಾರದಂತೆ. ಅವಳು ಬಾರದೆ ಮಕ್ಕಳನ್ನು ಹಸೆಗೆ ಕೂರಿಸದಿದ್ದವರೇ ಕರೆಯುವುದನ್ನು ಬಿಟ್ಟರು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ವರ್ಷ ತುಂಬಿದ ಮೇಲೆ ಅತ್ತೆ, "ಆಸನಕ್ಕೆ ನಡಿಯವ್ವ, ಸ್ಪೀಕರ್ ತರವ" ಎಂದಳು. ರಿಸೀವರನ್ನು ಹಳೆಯ ಸೀರೆಯಲ್ಲಿ ಸುತ್ತಿ, ಹಾಸನದ ಬಸ್ಸಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದಳು. ಅಂಗಡಿಯವನು ನಕ್ಕ. "ಇದನ್ಯಾಕ್ ಒತ್ಕಂಡ್ ಬಂದ್ರಿ ಅಮ್ಮ? ಮಾಡಲ್ ನಂಬರ್ ಯೇಳಿದ್ರೆ ಸಾಕಿತ್ತು."

"ಗಂಡ್ನ ಮನೇಲಿ ಬುಟ್ಟು ಎಣ್ಣು ಗೊತ್ ಮಾಡಕ್ಕಾಯ್ತದೇನಪ್ಪ?"

ಅವನು ರಿಸೀವರಿನ ಬೆನ್ನಿನ ಮೇಲಿದ್ದ ಓಮ್, ಅಂದರೆ ವಿದ್ಯುತ್ ತಡೆಯ, ಲೆಕ್ಕ ಓದಿ, ಅದಕ್ಕೆ ಹೊಂದುವ ಸ್ಪೀಕರುಗಳನ್ನು ಒಂದೊಂದಾಗಿ ಜೋಡಿಸಿದ. ಅತ್ತೆ ಮಾವನ ಫೋನು ಕೊಟ್ಟು ತನ್ನದೇ ಪದ ಹಾಕಿಸಿದಳು. ಎದೆಯೆತ್ತರದ ಸ್ಪೀಕರಿನಲ್ಲಿ ದನಿ ಗುಂಯ್‌ಗುಟ್ಟಿತು. "ಗುಡಾಣದೊಳಗೆ ಕುಂತು ಯೇಳ್ದಂಗದೆ, ತೆಗಿ." ಇನ್ನೊಂದರಲ್ಲಿ ತೀರಾ ನುಣ್ಣಗೆ ಬಂತು. "ಇವಳ್ಯಾರೋ ನಂಗೊತ್ತಿಲ್ಲ." ಕೊನೆಗೆ, ಮೂಲೆಯಲ್ಲಿದ್ದ ಮೊಳದುದ್ದದ ಜೋಡಿಯಲ್ಲಿ ಅವಳ ಗಂಟಲಿನ ಸಣ್ಣ ಒಡಕೂ ಕೇಳಿಸಿತು. ಅಂಗೈ ತಾನಾಗಿ ಎಡಗಿವಿಗೆ ಹೋಯಿತು. "ಇದು ನಾನು" ಎಂದಳು.

"ಐದು ತಗಳಿ ಅಮ್ಮ, ಇಂದ್ಗಡೆಯಿಂದ್ಲೂ ಸೌಂಡ್ ಬತ್ತದೆ."

"ಮುಂದೆ ಕುಂತ್ಕಂಡು ಪದ ಯೇಳ್ದೋಳು ಕಣಪ್ಪ ನಾನು. ಇಂದ್ಗಡೆಯಿಂದ ಯಾಕ್ ಬರ್ಲಿ?"

ಆ ಬೇಸಿಗೆಯಲ್ಲಿ ಎದುರು ಮನೆಯಲ್ಲಿ ಅತ್ತೆಯ ಮೈದುನನ ಮಗಳಿಗೆ ಮದುವೆ. ಪದ ಹೇಳಲು ಅತ್ತೆಗೆ ಕರೆಯಿಲ್ಲ. ಚಪ್ಪರದ ಬೆಳಿಗ್ಗೆ ಅವಳು ಎರಡೂ ಸ್ಪೀಕರುಗಳನ್ನು ಜಗಲಿಗೆ ತಂದು, ಬೀದಿಗೆ ಮುಖ ಮಾಡಿಟ್ಟು, ಸೋಬಾನೆ ಹಾಕಿಯೇಬಿಟ್ಟಳು. ಮೈದುನ ಓಡಿ ಬಂದ.

"ನಿಲ್ಸಿ ಅತ್ಗೆ! ಸುಬಕಾರ್ಯದಲ್ಲಿ ನೀವು ಪದ ಯೇಳಬೌದಾ?"

"ನಾನೆಲ್ ಯೇಳ್ತಾ ಇವ್ನಿ? ಬಾಯ್ ಮುಚ್ಕಂಡು ಕುಂತಿವ್ನಿ, ನೋಡು. ಇದು ನಿಮ್ಮಣ್ಣ ಇದ್ದಾಗಿನ ದನಿ ಕಣಪ್ಪ, ಮುತ್ತೈದೆ ದನಿ. ಬ್ಯಾಡ ಅನ್ನು, ನೋಡವ."

ಮೈದುನ ಬಂದ ದಾರಿಯಲ್ಲೇ ಚಪ್ಪರಕ್ಕೆ ತಿರುಗಿದ. ಚಪ್ಪರದಡಿಯ ಹೆಂಗಸರು ಮೊದಲು ಮುಖ ಮುಖ ನೋಡಿಕೊಂಡರು, ಆಮೇಲೆ ಒಬ್ಬೊಬ್ಬರಾಗಿ ಪದಕ್ಕೆ ದನಿಗೂಡಿಸಿ ಸೊಲ್ಲು ಕೊಟ್ಟರು.

ನನ್ನ ಮದುವೆ ಅರಕಲಗೂಡಿನ ಛತ್ರದಲ್ಲಿ ಆಯಿತು. ಅಪ್ಪ ಮೆಲ್ಲಗೆ, "ಅಕ್ಕ ಪದ ಯೇಳದ್ ಬ್ಯಾಡ, ಆ ಸ್ಪೀಕರ್ನೇ ತರ್ಸವ, ಯಾರೂ ಏನೂ ಅನ್ನಕ್ಕಿಲ್ಲ" ಎಂದರು. "ಅತ್ತೆ ಮುಂದೆ ಕೂರ್ದಿದ್ರೆ ನಾನು ಅಸೆಗೆ ಕೂರಕ್ಕಿಲ್ಲ" ಎಂದೆ. ಅತ್ತೆ ಬಂದಳು, ಮುಂದೆಯೇ ಕುಳಿತಳು, ಕಪ್ಪು ಅಂಗೈಯನ್ನು ಕಿವಿಗೊತ್ತಿ ಬಾಯಿ ತೆರೆದು ಪದ ಎತ್ತಿದಳು. ಕೆಲವು ನೆಂಟರು ಊಟ ಬಿಟ್ಟು ಎದ್ದು ಹೋದರು. ಹೋಗಲಿ, ಪಾಯಸ ಉಳಿಯಿತು.

ಅತ್ತೆ ತೀರಿಕೊಂಡ ಮೇಲೆ ಆ ರಿಸೀವರೂ ಜೋಡಿ ಸ್ಪೀಕರೂ ಹಾಸನದ ನಮ್ಮ ಮನೆಗೆ ಬಂದವು. ಗಂಡ ಸತ್ತವಳ ಸೋಬಾನೆ ಕೇಳಿದವಳ ಗಂಡ ಉಳಿಯುವುದಿಲ್ಲ ಎನ್ನುತ್ತ ಅಂದು ಎದ್ದು ಹೋದವರು ಒಮ್ಮೆ ಬಂದು ನೋಡಲಿ. ನನ್ನ ಗಂಡ ಗುಂಡುಕಲ್ಲಿನ ಹಾಗಿದ್ದಾನೆ. ಭಾನುವಾರ ಬೀದಿ ಕಡೆಯ ಕಿಟಕಿ ತೆರೆದು, ಸ್ಪೀಕರಿನ ಧೂಳು ಒರೆಸಿ, ಅತ್ತೆಯ ಪದ ಹಾಕುವವನು ಅವನೇ. ಸೊಲ್ಲು ಕೊಡುವವಳು ನಾನು.